ಬೇಸಿಗೆಗೆ ಹಣ್ಣಿನ ಐಸ್ ಟೀ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಮಧ್ಯಾಹ್ನ 37-38 ಡಿಗ್ರಿ ಮುಟ್ಟುತ್ತದೆ, ಗದಗದ ಕಡೆ ಅದಕ್ಕಿಂತ ಒಂದು ಕೈ ಮೇಲೆಯೇ. ಆದರೂ ನಾಲ್ಕು ಗಂಟೆಗೆ ಚಹಾ ಬೇಕೇ ಬೇಕು ನಮಗೆ. ಬಿಸಿ ಚಹಾ ಕುಡಿಯಲು ಆಗುವುದಿಲ್ಲ, ಬಿಡಲೂ ಆಗುವುದಿಲ್ಲ ಅನ್ನುವವರಿಗೆ ಹಣ್ಣು ಹಾಕಿದ ತಣ್ಣನೆ ಚಹಾ ಒಳ್ಳೆಯ ದಾರಿ. ಮನೆಯಲ್ಲಿ ಮಾಡಲು ಹೋದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನಿಮಗೆ ಬೇಕಾದದ್ದನ್ನಷ್ಟೇ ಓದಿಕೊಳ್ಳಿ, ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ.

ಮನೆಯಲ್ಲಿ ಮಾಡಿದ್ದು ಯಾಕೆ ಕಹಿ ಆಗುತ್ತದೆ? ಹಣ್ಣು ಚೆನ್ನಾಗಿಯೇ ಇತ್ತಲ್ಲ?

ಹಣ್ಣಿನ ತಪ್ಪೇನೂ ಇಲ್ಲ, ಚಹಾ ಕುದಿಸಿದ್ದೇ ತೊಂದರೆ. ನಾವು ಚಹಾ ಪುಡಿಯನ್ನು ನೀರಿಗೆ ಹಾಕಿ ಕೊತಕೊತ ಕುದಿಸುವವರು. ಹಾಲು ಹಾಕುವುದಿದ್ದರೆ ಅದು ನಡೆಯುತ್ತದೆ, ಯಾಕೆಂದರೆ ಪುಡಿ ಬಿಡುವ ಒಗರಿನ ಅಂಶವನ್ನು, ಅಂದರೆ ಟ್ಯಾನಿನ್ ಅನ್ನು, ಹಾಲಿನ ಪ್ರೋಟೀನು ಹಿಡಿದುಕೊಂಡುಬಿಡುತ್ತದೆ. ಐಸ್ ಟೀಗೆ ಹಾಲು ಇಲ್ಲ. ಹಾಗಾಗಿ ಕುದಿಸಿದಷ್ಟೂ ಒಗರು ನೇರ ನಾಲಿಗೆಗೆ ಬರುತ್ತದೆ. ಆಮೇಲೆ ಆ ಕಹಿ ಮುಚ್ಚಲು ಸಕ್ಕರೆ ಸುರಿಯುತ್ತೇವೆ, ಸಕ್ಕರೆ ಜಾಸ್ತಿ ಆದಾಗ ಹಣ್ಣಿನ ರುಚಿ ಮುಳುಗುತ್ತದೆ, ಆಗ ಇನ್ನಷ್ಟು ಹಣ್ಣು. ಈ ಸುತ್ತಿನಿಂದ ಹೊರಗೆ ಬರಲು ಮಾಡಬೇಕಾದ್ದು ಒಂದೇ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಪುಡಿ ಹಾಕಿ ಮುಚ್ಚಿಡಿ.

ಎಲೆ ಚಹಾ ಆದರೆ 4 ನಿಮಿಷ, ನಮ್ಮ ಮಾಮೂಲಿ ಕಾಳು ಕಾಳಾದ ಪುಡಿ ಆದರೆ 2 ನಿಮಿಷ ಸಾಕು. ಗಡಿಯಾರ ನೋಡಿ ಮಾಡಿ, ಅಂದಾಜಿಗೆ ಬಿಡಬೇಡಿ. ಸೋಸುವಾಗ ಚಮಚದಿಂದ ಚರಟವನ್ನು ಒತ್ತಿ ಹಿಂಡುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ಅದನ್ನೂ ಇಲ್ಲಿ ಬಿಡಬೇಕು. ಕೊನೆಯ ಹನಿಯಲ್ಲಿ ಇರುವುದು ಬರೀ ಒಗರು.

ಸರಿ, ಒಂದು ಲೀಟರ್‌ಗೆ ಅಳತೆ ಹೇಳಿ.

ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ. 10 ಗ್ರಾಂ ಎಲೆ ಚಹಾ ಹಾಕಿ, ಅಂದರೆ ಸುಮಾರು 4-5 ಸಣ್ಣ ಚಮಚ. ಕಾಳು ಪುಡಿ ಆದರೆ 3 ಚಮಚ ಸಾಕು, ಅದು ಬೇಗ ಬಿಡುತ್ತದೆ. ಹೊತ್ತು ನೋಡಿ ಸೋಸಿ. ಬಿಸಿ ಇರುವಾಗಲೇ 4 ದೊಡ್ಡ ಚಮಚ ಸಕ್ಕರೆ ಕರಗಿಸಿ. ಹಣ್ಣು ಸಿಹಿ ಇದ್ದರೆ 3 ಸಾಕು. ಕೋಣೆಯ ಬಿಸಿಗೆ ತಣ್ಣಗಾದ ಮೇಲೆ ಒಂದು ದೊಡ್ಡ ಲೋಟ, ಅಂದರೆ 250 ಎಂ.ಎಲ್. ಹಣ್ಣಿನ ರಸ ಸೇರಿಸಿ. ಉಳಿದ ಕಾಲು ಲೀಟರ್ ಜಾಗ ಐಸ್‌ಗೆ. ಕೊನೆಗೆ ಅರ್ಧ ಲಿಂಬೆ ಹಣ್ಣು ಹಿಂಡಿ.

ಅರ್ಧ ಲೀಟರ್ ನೀರಿಗೆ ಇಷ್ಟು ಪುಡಿ ಜಾಸ್ತಿ ಆಗಲಿಲ್ಲವಾ ಅಂತ ಕೇಳಬೇಡಿ. ಬೇಕೆಂದೇ ಎರಡು ಪಟ್ಟು ಗಟ್ಟಿ ಮಾಡುವುದು. ಐಸ್ ಕರಗಿ, ರಸ ಸೇರಿ, ಸರಿಯಾದ ಹದಕ್ಕೆ ಬರುತ್ತದೆ. ಗಟ್ಟಿ ಬೇಕೆಂದರೆ ಪುಡಿ ಹೆಚ್ಚು ಹಾಕಬೇಕು, ಹೊತ್ತು ಹೆಚ್ಚಿಸಬಾರದು.

ಯಾವ ಚಹಾ ಪುಡಿ ತರಬೇಕು?

ಮನೆಯಲ್ಲಿ ಇರುವುದರಿಂದಲೇ ಶುರು ಮಾಡಿ. ನಮ್ಮ ಮನೆಗಳಲ್ಲಿ ಇರುವುದು ಸಿ.ಟಿ.ಸಿ. ಪುಡಿ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ್ದು. ಬಣ್ಣ ಬೇಗ, ಒಗರೂ ಬೇಗ. ಹಾಲಿಗೆ ಹೇಳಿ ಮಾಡಿಸಿದ್ದು. ಐಸ್ ಟೀಗೂ ಆಗುತ್ತದೆ, ಆದರೆ ಕೈ ಬಿಗಿ ಇರಬೇಕು.

ಹಣ್ಣಿನ ಚಹಾ ಆಗಾಗ ಮಾಡುತ್ತೀರಿ ಅಂದರೆ ನೂರು ಗ್ರಾಂ ನೀಲಗಿರಿ ಎಲೆ ಚಹಾ ತಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಹಗುರ ಹಣ್ಣಿನ ವಾಸನೆ ಮೊದಲೇ ಇದೆ, ತಣ್ಣಗೆ ಮಾಡಿದಾಗಲೂ ತಿಳಿಯಾಗಿ ನಿಲ್ಲುತ್ತದೆ ಅಂತಲೇ ಹೆಸರು. ಅಸ್ಸಾಂ ಚಹಾ ಮಾವಿನ ಜೊತೆಗೆ ಚಲೋ, ಕಲ್ಲಂಗಡಿಯನ್ನು ಮಾತ್ರ ನುಂಗಿಬಿಡುತ್ತದೆ. ಡಾರ್ಜಿಲಿಂಗ್ ತಂದು ಅದರ ಮೇಲೆ ಮಾವಿನ ರಸ ಸುರಿಯುವುದು ನನಗಂತೂ ದುಡ್ಡು ದಂಡ ಅನ್ನಿಸುತ್ತದೆ.

ಗ್ರೀನ್ ಟೀ ಆದರೆ ಕುದಿಯುವ ನೀರು ನೇರ ಹಾಕಬೇಡಿ. ನಾಲ್ಕು ಲೋಟ ಕುದಿದ ನೀರಿಗೆ ಒಂದು ಲೋಟ ತಣ್ಣೀರು ಬೆರೆಸಿದರೆ ಸುಮಾರು 85 ಡಿಗ್ರಿಗೆ ಇಳಿಯುತ್ತದೆ, ಅದರಲ್ಲಿ 2 ನಿಮಿಷ ನೆನೆದರೆ ಸಾಕು.

ಕುದಿಸದೇ ಬರೀ ತಣ್ಣೀರಲ್ಲಿ ಚಹಾ ಆಗುತ್ತದಾ?

ಆಗುತ್ತದೆ, ನನ್ನ ಮಟ್ಟಿಗೆ ಹಣ್ಣಿಗೆ ಇದೇ ಸರಿಯಾದ ದಾರಿ. ಒಂದು ಲೀಟರ್ ಕುಡಿಯುವ ನೀರಿಗೆ 10 ಗ್ರಾಂ ಎಲೆ ಚಹಾ ಹಾಕಿ, ಮುಚ್ಚಿ, ಫ್ರಿಜ್ ಒಳಗೆ 8 ತಾಸು ಇಡಿ. ರಾತ್ರಿ ಊಟ ಆದ ಮೇಲೆ ಇಟ್ಟರೆ ಬೆಳಗ್ಗೆ ಸೋಸಿಕೊಳ್ಳಬಹುದು. ತಣ್ಣೀರಿನಲ್ಲಿ ಒಗರು ಮತ್ತು ಕೆಫೀನ್ ಕಡಿಮೆ ಬಿಡುತ್ತವೆ, ಹಾಗಾಗಿ ಸಕ್ಕರೆ ಅರ್ಧಕ್ಕರ್ಧ ಇಳಿಸಿದರೂ ನಡೆಯುತ್ತದೆ. ಕಾಳು ಪುಡಿಯಲ್ಲೂ ಮಾಡಬಹುದು, 5 ತಾಸಿಗೇ ತೆಗೆಯಿರಿ, ಸಣ್ಣ ಪುಡಿ ತಳಕ್ಕೆ ಕೂರುತ್ತದೆ, ತೆಳು ಬಟ್ಟೆಯಲ್ಲಿ ಸೋಸಿ.

ಈ ದಾರಿಗೆ ಫ್ರಿಜ್ ಬೇಕೇ ಬೇಕು. ನೀರು ಕುದಿಸಿಲ್ಲವಲ್ಲ, ಎಲೆಯಲ್ಲಿ ಇರುವ ಸೂಕ್ಷ್ಮಜೀವಿ ಹಾಗೇ ಇರುತ್ತವೆ. ಕೋಣೆಯ ಬಿಸಿಯಲ್ಲಿ ರಾತ್ರಿಯಿಡೀ ಬಿಡುವ ವಸ್ತು ಇದಲ್ಲ.

ಹಾಗಾದರೆ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು ಮಾಡಿದರೆ? ನಮ್ಮ ಗದಗ ಬಿಸಿಲಿಗೆ ಹಪ್ಪಳವೇ ಒಣಗುತ್ತವೆ!

ಹಪ್ಪಳ ಒಣಗಲಿ, ಚಹಾ ಬೇಡ. ಬಿಸಿಲಲ್ಲಿ ಇಟ್ಟ ಬಾಟಲಿ ಬೆಚ್ಚಗಾಗುತ್ತದೆ ಹೊರತು ಕ್ರಿಮಿ ಸಾಯುವಷ್ಟು ಕಾಯುವುದಿಲ್ಲ. ಆ ಬೆಚ್ಚಗಿನ ನೀರು ಅವುಗಳಿಗೆ ಬೆಳೆಯಲು ಹೇಳಿ ಮಾಡಿಸಿದ ಜಾಗ. ಬೇರೆ ದೇಶಗಳ ವಿಡಿಯೋಗಳಲ್ಲಿ ಚೆಂದ ಕಾಣುತ್ತದೆ, ಅಲ್ಲಿನ ಆಹಾರ ಸುರಕ್ಷತೆಯವರೂ ಬೇಡ ಅಂತಲೇ ಹೇಳುತ್ತಾರೆ.

ಫ್ರಿಜ್‌ನಿಂದ ತೆಗೆದರೆ ಚಹಾ ಕೆಸರು ನೀರಿನ ಹಾಗೆ ಮಬ್ಬಾಗಿದೆ. ಕೆಟ್ಟಿದೆಯಾ?

ಕೆಟ್ಟಿಲ್ಲ. ಗಟ್ಟಿ ಚಹಾ ಬೇಗ ತಣ್ಣಗಾದಾಗ ಟ್ಯಾನಿನ್ ಮತ್ತು ಕೆಫೀನ್ ಒಂದಕ್ಕೊಂದು ಅಂಟಿಕೊಂಡು ಮಬ್ಬು ಕಾಣುತ್ತದೆ. ಕುಡಿಯಲು ಏನೂ ತೊಂದರೆ ಇಲ್ಲ. ನೋಡಲು ಬೇಜಾರು ಅನ್ನಿಸಿದರೆ ಸ್ವಲ್ಪ ಬಿಸಿ ನೀರು ಬೆರೆಸಿ ಕಲಕಿ, ತಿಳಿಯಾಗುತ್ತದೆ. ಮುಂದಿನ ಸಲ ಬಿಸಿ ಚಹಾವನ್ನು ಹಾಗೇ ಫ್ರಿಜ್‌ಗೆ ತಳ್ಳಬೇಡಿ, ಹೊರಗೆ ಆರಲು ಬಿಡಿ. ತಣ್ಣೀರಲ್ಲಿ ನೆನೆಸಿದ ಚಹಾಕ್ಕೆ ಈ ಕಾಟ ಇಲ್ಲವೇ ಇಲ್ಲ ಅನ್ನಬಹುದು.

ಕೆಟ್ಟ ಚಹಾ ಬೇರೆ ಥರ ಇರುತ್ತದೆ. ಲೋಳೆ ಲೋಳೆ ಎಳೆ, ಹುಳಿ ವಾಸನೆ, ಮೇಲೆ ಗುಳ್ಳೆ. ಅದನ್ನು ರುಚಿ ನೋಡಲು ಹೋಗದೆ ಚೆಲ್ಲಿ.

ನಮ್ಮದು ಬೋರ್ ನೀರು. ಚಹಾದ ಮೇಲೆ ಕೆನೆ ಥರ ಪದರ ಬರುತ್ತದೆ, ಬಣ್ಣವೂ ಕಪ್ಪು ಕಪ್ಪು.

ಅದು ಗಡಸು ನೀರಿನ ಕೆಲಸ. ಗದಗ ಜಿಲ್ಲೆಯ ಬಹಳ ಊರುಗಳಲ್ಲಿ, ಹಾವೇರಿಯ ಕೆಲವು ಕಡೆ ಬೋರಿನ ನೀರಿಗೆ ಕ್ಯಾಲ್ಸಿಯಂ ಜಾಸ್ತಿ, ನೀರು ಕಾಯಿಸುವ ಪಾತ್ರೆ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ. ಈ ಕ್ಯಾಲ್ಸಿಯಂ ಚಹಾದ ಅಂಶದ ಜೊತೆ ಸೇರಿ ಮೇಲೆ ಪೊರೆ ಆಗುತ್ತದೆ, ಬಣ್ಣ ಮಂಕಾಗುತ್ತದೆ, ವಾಸನೆ ಸಾಯುತ್ತದೆ. ಹಾಲಿನ ಚಹಾದಲ್ಲಿ ಗೊತ್ತಾಗುವುದಿಲ್ಲ, ಐಸ್ ಟೀಯಲ್ಲಿ ಎದ್ದು ಕಾಣುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನ್ ನೀರಲ್ಲೇ ಮಾಡಿ. ಅದು ಇಲ್ಲದಿದ್ದರೆ ಲಿಂಬೆ ರಸ ಕೈ ಹಿಡಿಯುತ್ತದೆ. ಹುಳಿ ಬಿದ್ದ ತಕ್ಷಣ ಪೊರೆ ಒಡೆಯುತ್ತದೆ, ಬಣ್ಣವೂ ತೆಳುವಾಗಿ ಕೆಂಪಿಗೆ ತಿರುಗುತ್ತದೆ.

ಹುಬ್ಬಳ್ಳಿ-ಧಾರವಾಡದವರಿಗೆ ಮಲಪ್ರಭೆಯ ನೀರು, ಸವದತ್ತಿಯ ರೇಣುಕಾ ಸಾಗರದಿಂದ ಬರುವುದು. ಗಡಸುತನದ ಕಾಟ ಅಷ್ಟಿಲ್ಲ. ಆದರೆ ನಲ್ಲಿಗೆ ದಿನಾ ನೀರು ಬರದ ಓಣಿಗಳಲ್ಲಿ ತುಂಬಿಟ್ಟ ನೀರೇ ಗತಿ. ತುಂಬಿದ ದಿನ ಕ್ಲೋರಿನ್ ವಾಸನೆ ಇದ್ದರೆ ಮುಚ್ಚಳ ತೆಗೆದು ಚೆನ್ನಾಗಿ ಕುದಿಸಿ, ಹಾರಿ ಹೋಗುತ್ತದೆ.

ಮಾವು. ಎಲ್ಲರೂ ಕೇಳುವುದು ಇದನ್ನೇ.

ಕೇಳಬೇಕಾದ್ದೇ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಮಳೆವರೆಗೆ ಧಾರವಾಡದ ಆಪೂಸ್ ಸಿಗುವಾಗ ಬಾಟಲಿಯಲ್ಲಿ ಬರುವ ಪೀಚ್ ಸಿರಪ್ ಹುಡುಕಿಕೊಂಡು ಹೋಗುವುದು ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ. ಕೆಲಗೇರಿ ಕಡೆಯ ತೋಟದ ಹಣ್ಣಿನ ಒಂದು ಬುಟ್ಟಿ ಮನೆಯಲ್ಲಿ ಇದ್ದರೆ ಕೋಣೆಯೇ ಹೇಳುತ್ತದೆ.

ಆದರೆ ಮಾವು ಚಹಾದ ಜೊತೆಗೆ ಸುಲಭಕ್ಕೆ ಹೊಂದುವ ಹಣ್ಣಲ್ಲ. ಅದರ ತಿರುಳು ದಪ್ಪ, ಹಾಗೇ ಹಾಕಿದರೆ ಸೀಕರಣೆಗೆ ಚಹಾ ಬೆರೆಸಿದ ಹಾಗೆ ಆಗಿಬಿಡುತ್ತದೆ. ಒಂದು ಹಣ್ಣಿನ ತಿರುಳಿಗೆ ಒಂದು ಲೋಟ ನೀರು ಹಾಕಿ ಮಿಕ್ಸರ್‌ನಲ್ಲಿ ತಿರುವಿ, ಜರಡಿಯಲ್ಲಿ ಸೋಸಿ ನಾರು ತೆಗೆಯಿರಿ. ಒಂದು ಲೋಟ ಚಹಾಕ್ಕೆ ಈ ನೀರಾದ ರಸ 4 ದೊಡ್ಡ ಚಮಚ ಸಾಕು. ಲಿಂಬೆ ಬೇಕೇ ಬೇಕು, ಹುಳಿ ಇಲ್ಲದ ಮಾವಿನ ಚಹಾ ಮೊಂಡಾಗಿರುತ್ತದೆ. ಚಿಟಿಕೆ ಏಲಕ್ಕಿ ಪುಡಿ ಹಾಕಿದರೆ ಏನಾಗುತ್ತದೆ ಅಂತ ಏಲಕ್ಕಿ ಹಾರ ಮಾಡುವ ಹಾವೇರಿಯವರಿಗೆ ನಾನು ಹೇಳಬೇಕಿಲ್ಲ.

ಇನ್ನೊಂದು ಉಪಾಯ ಇದೆ, ಇದು ನನಗೆ ಹೆಚ್ಚು ಇಷ್ಟ. ಹಣ್ಣು ತಿಂದಾದ ಮೇಲೆ ಗೊರಟೆಗೆ ಅಂಟಿದ ತಿರುಳು ಇರುತ್ತದಲ್ಲ, ಬಾಯಿಗೆ ಹಾಕದ ಗೊರಟೆಗಳನ್ನು ಒಂದು ಬೋಗುಣಿಯಲ್ಲಿ ಹಾಕಿ, ಬಿಸಿ ನೀರು ಸುರಿದು, ಅರ್ಧ ತಾಸು ಬಿಟ್ಟು ಕೈಯಿಂದ ಉಜ್ಜಿ ಸೋಸಿ. ತೆಳುವಾದ, ವಾಸನೆ ತುಂಬಿದ ಮಾವಿನ ನೀರು ಸಿಗುತ್ತದೆ. ಚಹಾಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಹಣ್ಣೂ ತಿಂದ ಹಾಗಾಯ್ತು.

ಹಣ್ಣು ಕೊಳ್ಳುವಾಗ ಒಂದು ಮಾತು. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಮೇಲೆ ಒಂದೇ ಸಮ ಹಳದಿ, ಒಳಗೆ ಹುಳಿ, ತೊಟ್ಟಿನ ಹತ್ತಿರ ವಾಸನೆಯೇ ಇಲ್ಲ ಅಂದರೆ ಅಂಥದ್ದು ಬಿಡಿ.

ಮಾವಿನಕಾಯಿಯದ್ದು ಆಗುತ್ತದಾ?

ಓಹೋ. ಒಂದು ಹುಳಿ ಮಾವಿನಕಾಯಿ ಕುಕ್ಕರ್‌ನಲ್ಲಿ ಎರಡು ಸೀಟಿ ಹೊಡೆಸಿ, ತಿರುಳು ಹಿಂಡಿ, ಸಕ್ಕರೆ, ಉಪ್ಪು, ಹುರಿದ ಜೀರಿಗೆ ಪುಡಿ ಸೇರಿಸಿ. ಎರಡು ಚಮಚ ಒಂದು ಲೋಟ ತೆಳು ಚಹಾಕ್ಕೆ. ಲೋಟದ ಅಂಚಿಗೆ ಲಿಂಬೆ ಹಚ್ಚಿ, ಉಪ್ಪು ಬೆರೆಸಿದ ಬ್ಯಾಡಗಿ ಮೆಣಸಿನ ಪುಡಿಯಲ್ಲಿ ಅದ್ದಿ ಕೊಡಿ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಹಾಗಾಗಿ ಬಾಯಿ ಸುಡುವುದಿಲ್ಲ. ಗುಂಟೂರು ಮೆಣಸಿನ ಪುಡಿ ಹಾಕಿ ಆಮೇಲೆ ನನ್ನನ್ನು ಬೈಯಬೇಡಿ.

ಕಲ್ಲಂಗಡಿ ಹಾಕಿದರೆ ನೀರು ನೀರು, ರುಚಿಯೇ ಇಲ್ಲ. ಯಾಕೆ?

ಬಹುಶಃ ಬಿಸಿ ಚಹಾಕ್ಕೆ ಹಾಕಿದ್ದೀರಿ. ಕಲ್ಲಂಗಡಿ ಸೌತೆ, ಕುಂಬಳದ ಕುಲದ್ದು, ಬಿಸಿ ತಾಗಿದರೆ ತರಕಾರಿ ವಾಸನೆ ಬರುತ್ತದೆ. ಹಸಿ ರಸವನ್ನೇ ತಣ್ಣನೆ ಚಹಾಕ್ಕೆ ಹಾಕಬೇಕು, ಅದೂ ಅರ್ಧಕ್ಕರ್ಧ, ಚಹಾ ಸ್ವಲ್ಪ ಗಟ್ಟಿ ಇರಲಿ. ರಸವನ್ನು ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ ಅದನ್ನೇ ಐಸ್ ಬದಲು ಹಾಕಿದರೆ ಇನ್ನೂ ಒಳ್ಳೆಯದು, ಕರಗಿದಷ್ಟೂ ರುಚಿ ಏರುತ್ತದೆ. ಚಿಟಿಕೆ ಉಪ್ಪು, ನಾಲ್ಕು ಪುದಿನಾ ಎಲೆ. ಪುದಿನಾವನ್ನು ಅರೆಯಬೇಡಿ, ಅಂಗೈಯಲ್ಲಿಟ್ಟು ಒಂದು ಸಲ ತಟ್ಟಿ ಹಾಕಿ.

ಕರಬೂಜಕ್ಕೂ ಇದೇ ನಿಯಮ. ಆದರೆ ಕರಬೂಜ ಚಹಾ ನನಗೆ ಸೇರುವುದಿಲ್ಲ, ಅದನ್ನು ಹಾಲಿಗೆ ಬಿಡುವುದೇ ಚಲೋ.

ಕವಳಿ ಹಣ್ಣು ಹಾಕಬಹುದಾ?

ಈ ಪ್ರಶ್ನೆ ಕೇಳಿದವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೇಸಿಗೆಯಲ್ಲಿ ಕಲಘಟಗಿ ಕಡೆಯ ಕಾಡಿಂದ ಬುಟ್ಟಿಯಲ್ಲಿ ಬರುವ ಈ ಕಪ್ಪು ಹಣ್ಣು ಐಸ್ ಟೀಗೆಂದೇ ಹುಟ್ಟಿದ ಹಾಗಿದೆ. ಹುಳಿ ಇದೆ, ಬಣ್ಣ ಇದೆ, ಸ್ವಲ್ಪ ಕಾಡಿನ ವಾಸನೆಯೂ ಇದೆ. ಹಣ್ಣಿಗೆ ಹಾಲಿನಂಥ ಅಂಟು ಇರುತ್ತದೆ, ಹಾಗಾಗಿ ಮೊದಲು ಉಪ್ಪು ನೀರಲ್ಲಿ ಕಾಲು ತಾಸು ನೆನೆಸಿ ತೊಳೆಯಿರಿ. ಎರಡು ಬಟ್ಟಲು ಹಣ್ಣಿಗೆ ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು. ಸಣ್ಣ ಉರಿಯಲ್ಲಿ ಹಣ್ಣು ಒಡೆಯುವವರೆಗೆ ಬೇಯಿಸಿ, ಬೀಜ ಉಳಿಯುವ ಹಾಗೆ ಸೋಸಿ. ಕಡು ಕೆಂಪು ಪಾಕ ಬರುತ್ತದೆ. ಲೋಟಕ್ಕೆ ಎರಡು ಚಮಚ. ಲಿಂಬೆ ಬೇಡ, ಅದರಲ್ಲೇ ಬೇಕಾದಷ್ಟು ಹುಳಿ ಇದೆ. ಪಾಕ ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ.

ಸ್ಟೀಲ್ ಬೋಗುಣಿಯಲ್ಲೇ ಮಾಡಿ. ಅಲ್ಯೂಮಿನಿಯಂ ಪಾತ್ರೆಗೆ ಹುಳಿ ತಾಗಬಾರದು. ಕಬ್ಬಿಣದ ಬಾಣಲೆಯಂತೂ ಬೇಡವೇ ಬೇಡ, ಚಹಾದ ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಮಸಿಯ ಬಣ್ಣ ಬರುತ್ತದೆ. ಹಳೇ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದುದೂ ಹೀಗೆಯೇ, ಟ್ಯಾನಿನ್ ಮತ್ತು ಕಬ್ಬಿಣ ಸೇರಿಸಿ.

ಬೇರೆ ಹಣ್ಣು?

ವಿಜಯಪುರದ ದ್ರಾಕ್ಷಿ ಏಪ್ರಿಲ್‌ವರೆಗೂ ಸಿಗುತ್ತದೆ, ಕಪ್ಪು ದ್ರಾಕ್ಷಿ ತಂದು ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು, ಸ್ವಲ್ಪ ಬಿಸಿ ಮಾಡಿ ಹಿಸುಕಿ ಸೋಸಿ, ಬಣ್ಣಕ್ಕೇ ಮನಸ್ಸು ತುಂಬುತ್ತದೆ. ದಾಳಿಂಬೆಯನ್ನು ಮಿಕ್ಸರ್‌ಗೆ ಜೋರಾಗಿ ಹಾಕಬೇಡಿ, ಬೀಜ ಒಡೆದರೆ ಕಹಿ, ಬಟ್ಟೆಯಲ್ಲಿ ಕಟ್ಟಿ ಹಿಂಡುವುದು ಮೇಲು. ಮೋಸಂಬಿ ರಸ ಇಟ್ಟಷ್ಟೂ ಕಹಿ ಏರುತ್ತದೆ, ಕುಡಿಯುವ ಹೊತ್ತಿಗೇ ಹಿಂಡಿ. ಅನಾನಸ್ ಸಿರಸಿ, ಬನವಾಸಿ ಕಡೆಯಿಂದ ಬರುತ್ತದೆ, ಹಾವೇರಿಯವರಿಗೆ ಹತ್ತಿರ. ಅದಕ್ಕೆ ಸ್ವಲ್ಪ ಹಸಿ ಅಲ್ಲ, ಅಂದರೆ ಶುಂಠಿ, ಜಜ್ಜಿ ಹಾಕಿ. ನೇರಳೆ ಬರುವುದು ಜೂನ್‌ನಲ್ಲಿ, ಅದೇ ಒಗರು ಹಣ್ಣು, ಅದರ ಮೇಲೆ ಚಹಾದ ಒಗರು ಬೇರೆ, ಆದ್ದರಿಂದ ಚಹಾ ಅರ್ಧ ಅಳತೆಗೆ ಇಳಿಸಿ, ಚಿಟಿಕೆ ಉಪ್ಪು ಮರೆಯಬೇಡಿ. ಬಾಳೆ, ಚಿಕ್ಕು ಬೇಡ. ಯಾಕೆ ಅಂತ ಒಂದು ಸಲ ಮಾಡಿ ನೋಡಿದರೆ ತಿಳಿಯುತ್ತದೆ.

ಬರೀ ಲಿಂಬೆಯೂ ಸಾಕು ಅನ್ನುವವರಿಗೆ ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಇದೆ. ಸಿಪ್ಪೆ ಹಾಕುವುದಿದ್ದರೆ ಮೇಲಿನ ಹಳದಿ ಭಾಗ ಮಾತ್ರ ತುರಿದು ಹಾಕಿ, ಒಳಗಿನ ಬಿಳಿ ಕಹಿ.

ಸಕ್ಕರೆ ಬದಲು ಬೆಲ್ಲ ಹಾಕಿದರೆ?

ಲಿಂಬೆ, ಕೋಕಂ, ಮಾವಿನಕಾಯಿ ಜೊತೆ ಚೆನ್ನಾಗಿರುತ್ತದೆ. ಕಲ್ಲಂಗಡಿ, ದ್ರಾಕ್ಷಿ ಜೊತೆ ಬೇಡ, ಬೆಲ್ಲದ ವಾಸನೆಯೇ ಮುಂದೆ ನಿಲ್ಲುತ್ತದೆ. ಕರಗಿಸಿ ಸೋಸಿ ಹಾಕಿ, ಬೆಲ್ಲದಲ್ಲಿ ಮರಳು ಇರುತ್ತದೆ. ಬೆಲ್ಲ ಹಾಕಿದರೆ ಶುಗರ್ ಇದ್ದವರೂ ಕುಡಿಯಬಹುದು ಅಂತ ಕೆಲವರು ತಿಳಿದಿದ್ದಾರೆ, ಹಾಗೇನೂ ಇಲ್ಲ. ಬೆಲ್ಲವೂ ಸಕ್ಕರೆಯೇ.

ತಣ್ಣಗಿನ ಚಹಾಕ್ಕೆ ಸಕ್ಕರೆ ಹಾಕಿದರೆ ಕರಗದೆ ತಳದಲ್ಲಿ ಕೂರುತ್ತದೆ. ಅದಕ್ಕೇ ಒಂದಕ್ಕೊಂದು ಅಳತೆಯ ಸಕ್ಕರೆ ಮತ್ತು ನೀರು ಬಿಸಿ ಮಾಡಿ ಪಾಕದ ಬಾಟಲಿ ಇಟ್ಟುಕೊಳ್ಳಿ. ಬಂದವರಿಗೆ ಅವರವರ ರುಚಿಗೆ ಬೆರೆಸಿ ಕೊಡಬಹುದು.

ಶುಗರ್ ಇದ್ದವರು ಏನು ಮಾಡಬೇಕು ಹಾಗಾದರೆ?

ಸಕ್ಕರೆ ಪೂರ್ತಿ ಬಿಡಿ, ಹಣ್ಣಿನ ರಸವನ್ನೂ ಬಿಡಿ, ರಸದಲ್ಲೂ ಸಕ್ಕರೆ ಇದೆ. ತಣ್ಣೀರಲ್ಲಿ ನೆನೆಸಿದ ಚಹಾಕ್ಕೆ ಲಿಂಬೆ, ಪುದಿನಾ, ಎರಡು ಹೋಳು ಹಣ್ಣು ತೇಲಿಬಿಟ್ಟು ಕುಡಿಯಿರಿ. ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಹಾಕಿದರೆ ಕುಡಿದ ಸಮಾಧಾನ ಇರುತ್ತದೆ. ಬೀಜವನ್ನು ನೀರಲ್ಲಿ ಕಾಲು ತಾಸು ನೆನೆಸಿಯೇ ಹಾಕಬೇಕು, ಒಣದು ನುಂಗಬಾರದು.

ಮಕ್ಕಳಿಗೆ ಕೊಡಬಹುದಾ? ಬಸುರಿಯರಿಗೆ?

ಒಂದು ಲೋಟ ಮಾಮೂಲಿ ಕಪ್ಪು ಚಹಾದಲ್ಲಿ, ಅಂದರೆ ಸುಮಾರು 240 ಎಂ.ಎಲ್.ನಲ್ಲಿ, 40ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ. ತಣ್ಣಗಿದೆ, ಸಿಹಿ ಇದೆ ಅಂತ ಮಕ್ಕಳು ಮೂರು ಲೋಟ ಏರಿಸುತ್ತಾರೆ, ಆಮೇಲೆ ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ. ಸಣ್ಣವರಿಗೆ ಚಹಾ ಇಲ್ಲದೇ ಮಾಡಿ. ಲಿಂಬೆ ಹುಲ್ಲು, ಪುದಿನಾ, ಅಲ್ಲ ಬಿಸಿ ನೀರಲ್ಲಿ ನೆನೆಸಿ ಅದಕ್ಕೇ ಹಣ್ಣಿನ ರಸ ಹಾಕಿ, ಬಣ್ಣಕ್ಕೆ ದ್ರಾಕ್ಷಿ. ರಜೆಗೆ ಬಂದ ಅಕ್ಕನ ಮಕ್ಕಳಿಗೆ ಫರಕು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ದಾಸವಾಳ ಚಹಾವೂ ಆಗುತ್ತದೆ, ಅದು ನಮ್ಮ ಪುಂಡಿ ಪಲ್ಯದ ಕುಲದ ಗಿಡದ್ದು, ಅದಕ್ಕೇ ಅಷ್ಟು ಹುಳಿ. ಅದರಲ್ಲಿ ಕೆಫೀನ್ ಇಲ್ಲ.

ಬಸುರಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗೆ ಕೆಫೀನ್ ಇರಲಿ ಅಂತ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ, ಕಾಫಿ ಮತ್ತು ಮಾಮೂಲಿ ಚಹಾ ಎಲ್ಲಾ ಸೇರಿ. ಅವರು ದಾಸವಾಳ ಚಹಾ ಬಿಡುವುದು ಒಳ್ಳೆಯದು. ಇನ್ನೊಂದು, ಊಟದ ಜೊತೆಗೆ ಚಹಾ ಬೇಡ. ಸೊಪ್ಪು, ಕಾಳಿನಲ್ಲಿ ಇರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಟ್ಯಾನಿನ್ ತಡೆಯುತ್ತದೆ. ರಕ್ತ ಕಡಿಮೆ ಇರುವವರು ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರ ಇಡಿ.

ಬಿಸಿಲಲ್ಲಿ ಕೆಲಸ ಮಾಡಿ ಬಂದವರಿಗೆ ಇದು ಒಳ್ಳೆಯದಾ?

ಬಾಯಾರಿಕೆಗೆ ಆಗುತ್ತದೆ. ಆದರೆ ಹೊಲದಲ್ಲಿ ಬೆವರು ಸುರಿಸಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆಯೇ ಸರಿ. ತಲೆ ಸುತ್ತು, ವಾಂತಿ ಇದ್ದರೆ ಓ.ಆರ್.ಎಸ್. ಕೊಟ್ಟು ದವಾಖಾನೆಗೆ ಕರೆದುಕೊಂಡು ಹೋಗಿ, ಅಲ್ಲಿ ಐಸ್ ಟೀ ಮಾತೇ ಬೇಡ.

ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಅಥವಾ ಇದೆ, ಆದರೆ ಕರೆಂಟ್ ಇರುವುದಿಲ್ಲ.

ಹರವಿ ಇದೆಯಲ್ಲ. ಮಣ್ಣಿನ ಹರವಿಯ ಹೊರಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುತ್ತದೆ. ಏಪ್ರಿಲ್‌ನ ಒಣ ಗಾಳಿಯಲ್ಲಿ ಗದಗ, ರೋಣ ಕಡೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೇ ಕೊನೆಗೆ ಮೋಡ ಕಟ್ಟಿ ಧಗೆ ಶುರುವಾದಾಗ ಗಾಳಿಯಲ್ಲೇ ತೇವ ಇರುತ್ತದೆ, ಆಗ ಅಷ್ಟು ತಂಪಾಗುವುದಿಲ್ಲ. ಬಿಸಿ ನೀರಲ್ಲಿ ಗಟ್ಟಿ ಚಹಾ ಮಾಡಿ, ಆ ಬೋಗುಣಿಯನ್ನು ತಣ್ಣೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ಇಟ್ಟು ಆರಿಸಿ, ಆಮೇಲೆ ಹರವಿಯ ನೀರು ಅರ್ಧಕ್ಕರ್ಧ ಬೆರೆಸಿ. ಹರವಿ ನೀರು ಕುದಿಸಿ ಆರಿಸಿದ್ದೋ ಶುದ್ಧ ಮಾಡಿದ್ದೋ ಆಗಿರಲಿ. ಆಗಾಗ ಬೇಕಾದಷ್ಟೇ ಮಾಡಿ, ಇಡಲು ಹೋಗಬೇಡಿ.

ಬರ್ಫ್ ಫ್ಯಾಕ್ಟರಿಯ ದೊಡ್ಡ ಗಡ್ಡೆ ತಂದು ಒಡೆದು ಹಾಕುವುದು ಮಾತ್ರ ಬೇಡ. ಯಾವ ನೀರಲ್ಲಿ ಮಾಡಿದ್ದು, ಯಾವ ಗೋಣಿಯಲ್ಲಿ ಸುತ್ತಿದ್ದು, ನಮಗೆ ಗೊತ್ತಿರುವುದಿಲ್ಲ. ಗಡ್ಡೆ ತರಲೇಬೇಕಾದರೆ ಪಾತ್ರೆಯ ಹೊರಗೆ ಇಟ್ಟು ತಂಪು ಮಾಡಿ, ಒಳಗೆ ಬೇಡ.

ಎಷ್ಟು ದಿನ ಇಡಬಹುದು?

ಫ್ರಿಜ್‌ನಲ್ಲಿ ಬರೀ ಚಹಾ 3 ದಿನ. ಹಣ್ಣಿನ ರಸ ಬೆರೆಸಿದ್ದು ಮರುದಿನದ ಒಳಗೆ ಮುಗಿಸಿ. ಹಣ್ಣಿನ ಹೋಳುಗಳನ್ನು ಜಗ್‌ನಲ್ಲೇ ಬಿಟ್ಟರೆ ಸಂಜೆಗೇ ಮೆತ್ತಗಾಗುತ್ತವೆ. ಹೊರಗೆ ಇಟ್ಟ ಜಗ್ ಅಂದರೆ ನಮ್ಮ ಬೇಸಿಗೆಯಲ್ಲಿ ಎರಡು ತಾಸು, ಅಷ್ಟೇ.

ಮನೆಗೆ ಇಪ್ಪತ್ತು ಜನ ಬರುತ್ತಾರೆ.

ಒಬ್ಬರಿಗೆ 200 ಎಂ.ಎಲ್. ಅಂದರೆ 4 ಲೀಟರ್. ಒಂದೂಕಾಲು ಲೀಟರ್ ನೀರು ಕುದಿಸಿ, ಒಲೆ ಆರಿಸಿ, 40 ಗ್ರಾಂ ಚಹಾ, ಅದೇ ಹೊತ್ತು, ಸೋಸಿ. ಸಕ್ಕರೆ ಆಗಲೇ ಕರಗಿಸಿಬಿಡಿ. ಇದನ್ನು ಬೆಳಗ್ಗೆಯೇ ಮಾಡಿಟ್ಟುಕೊಂಡರೆ ಸಂಜೆ ಒಂದು ಲೀಟರ್ ಹಣ್ಣಿನ ರಸ, ಉಳಿದದ್ದು ತಣ್ಣೀರು ಮತ್ತು ಐಸ್ ಸೇರಿಸುವುದಷ್ಟೇ ಕೆಲಸ. ಐಸ್ ಕಡಿಮೆ ಬಿದ್ದೀತು ಅನ್ನಿಸಿದರೆ ಹಿಂದಿನ ದಿನವೇ ತೆಳು ಚಹಾವನ್ನು ಟ್ರೇಯಲ್ಲಿ ಗಡ್ಡೆ ಕಟ್ಟಿಸಿಡಿ. ಕುದಿಯುವ ಚಹಾವನ್ನು ಗಾಜಿನ ಜಗ್‌ಗೆ ನೇರ ಸುರಿಯಬೇಡಿ, ಬಿರುಕು ಬಿಡುತ್ತದೆ.

ಜೊತೆಗೆ ತಿನ್ನಲು ಏನು ಅಂತ ಹುಬ್ಬಳ್ಳಿಯವರು ಕೇಳಲೇಬಾರದು. ಗಿರ್ಮಿಟ್, ಮಿರ್ಚಿ. ಖಾರ ತಿಂದ ಬಾಯಿಗೆ ಲಿಂಬೆ ಐಸ್ ಟೀ ಕೊಟ್ಟು ನೋಡಿ.

ಅಂಗಡಿಯ ಐಸ್ ಟೀ ಪುಡಿ ತಂದರೆ ಕೆಲಸ ಸುಲಭ ಅಲ್ವಾ?

ಸುಲಭವೇ. ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆ ಅಂತ ಓದಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಸಾಮಾನ್ಯವಾಗಿ ಮೊದಲ ಹೆಸರು ಸಕ್ಕರೆಯದೇ ಇರುತ್ತದೆ. ಪ್ರಯಾಣಕ್ಕೆ ಸರಿ, ಮನೆಯಲ್ಲಿ ಹಣ್ಣು ಇರುವಾಗ ಬೇಡ ಅಂತ ನನ್ನ ಅಭಿಪ್ರಾಯ.

ಸೋಡಾ ಬೆರೆಸಬಹುದಾ?

ಹೌದು, ಲೋಟಕ್ಕೆ ಹಾಕಿದ ಮೇಲೆ, ಕೊನೆಗೆ. ಜಗ್‌ಗೇ ಹಾಕಿದರೆ ಹತ್ತು ನಿಮಿಷಕ್ಕೆ ಗ್ಯಾಸ್ ಹೋಗಿ ಸಪ್ಪೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಒಗರು ಇಳಿಯುತ್ತದೆ ಅನ್ನುವವರೂ ಇದ್ದಾರೆ. ಇಳಿಯುವುದು ನಿಜ, ಬಣ್ಣ ಕಪ್ಪಾಗುತ್ತದೆ, ಹಣ್ಣಿನ ಹುಳಿಯೂ ಸಾಯುತ್ತದೆ. ಹೊತ್ತು ನೋಡಿ ಸೋಸಿದರೆ ಅದರ ಅಗತ್ಯವೇ ಬೀಳುವುದಿಲ್ಲ.

ಇದೆಲ್ಲ ಅಮೆರಿಕದವರ ಚಟ ಅಲ್ವಾ, ನಮಗ್ಯಾಕೆ?

ಅಲ್ಲಿ 1870ರ ದಶಕದ ಅಡುಗೆ ಪುಸ್ತಕಗಳಲ್ಲೇ ಇದರ ವಿಧಾನ ಇದೆ, ನಿಜ. ಆದರೆ ಅದು ಮನೆಮಾತಾದದ್ದು 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ನಂತರ ಅಂತಾರೆ. ಅಲ್ಲಿ ಚಹಾ ಪ್ರಚಾರಕ್ಕೆ ನಿಂತಿದ್ದ ರಿಚರ್ಡ್ ಬ್ಲೆಚಿಂಡನ್ ಹಂಚುತ್ತಿದ್ದದ್ದು ಭಾರತದ ಚಹಾ. ಸೆಕೆಗೆ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ಐಸ್ ಹಾಕಿ ಕೊಟ್ಟ ಅನ್ನುವುದು ಪ್ರಸಿದ್ಧ ಕಥೆ. ಹಾಗಾಗಿ ನಮ್ಮ ಪಾಲೂ ಇದೆ ಇದರಲ್ಲಿ.

ಸೋಸಿ ಉಳಿದ ಚರಟ ಏನು ಮಾಡುವುದು?

ಸಕ್ಕರೆ ತಾಗಿಲ್ಲ ಅಂದರೆ ನೇರ ಗುಲಾಬಿ ಕುಂಡಕ್ಕೆ, ಮಣ್ಣಲ್ಲಿ ಬೆರೆಸಿ, ಮೇಲೆ ರಾಶಿ ಹಾಕಿದರೆ ಬೂಸು ಹಿಡಿಯುತ್ತದೆ. ಸಕ್ಕರೆ ತಾಗಿದ್ದರೆ ಚೆನ್ನಾಗಿ ತೊಳೆದು ಹಾಕಿ, ಇಲ್ಲದಿದ್ದರೆ ಇರುವೆ ಸಾಲು ಹಿಡಿಯುತ್ತವೆ. ಹಣ್ಣಿನ ಸಿಪ್ಪೆ ಓಣಿಯ ಆಕಳಿಗೆ.